ಖಾಕಿ ತೊಟ್ಟ ಕೂಸಿಗೆ

ಕೂಸು, ಗಸ್ತು ಅರಣ್ಯ ಪಾಲಕಿಯ ಕೆಲಸಕ್ಕೆ ನಿನಗೆ ಆರ್ಡರ್ ಬಂದಿದೆ, ಅದೂ ಮಲೆ ಮಹದೇಶ್ವರ ವನ್ಯಧಾಮಕ್ಕೇ ಹಾಕಿದ್ದಾರೆ ಅಂತ ನಿಮ್ಮವ್ವ ಫೋನ್ ಮಾಡಿ ಹೇಳಿದಳು. ದನಿಯಲ್ಲಿ ಅರ್ಧ ಸಂತೋಷ, ಅರ್ಧ ದಿಗಿಲು. "ಮಾವ, ನೀವು ಮಿಲಿಟರಿಲಿ ಇದ್ದೋರು, ಕಾಡು ತಿರುಗಿದೋರು, ಅವಳಿಗೆ ನಾಕು ಬುದ್ಧಿ ಮಾತು ಹೇಳಿ" ಅಂದಳು. ಫೋನಿನಲ್ಲಿ ಹೇಳಿದ ಮಾತು ನಿಮ್ಮ ವಯಸ್ಸಿನವರ ಕಿವಿಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮಿಲಿಟರಿಯಲ್ಲಿದ್ದದ್ದು ನಿಜ. ಆದರೆ ಬಂದೂಕಿಗಿಂತ ಉಳಿ, ಬಾಚಿ, ಗರಗಸ ಹಿಡಿದದ್ದೇ ಹೆಚ್ಚು. ಮದ್ರಾಸ್ ಸ್ಯಾಪರ್ಸ್‌ನಲ್ಲಿ ನನ್ನದು ಬಡಗಿ ಕೆಲಸ. ಕೊಳ್ಳೇಗಾಲಕ್ಕೂ ಮದ್ರಾಸಿಗೂ ಎಲ್ಲಿಯ ನಂಟು ಅಂತ ಕೇಳಬೇಡ. 1956ರ ನವೆಂಬರ್ 1ರವರೆಗೆ ನಮ್ಮ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಪಲ್ಟನ್ನಿನ ಕೇಂದ್ರ ಮಾತ್ರ ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿದೆ. ಸೈನ್ಯದಲ್ಲಿ ನಮಗೆಲ್ಲ 'ತಂಬಿ'ಗಳು ಅಂತ ಹೆಸರು. ಹಿಂದೆ ಬರುವವರಿಗೆ ದಾರಿ ಮಾಡಿಕೊಡುವುದು ಸ್ಯಾಪರ್‌ನ ಕೆಲಸ: ಸೇತುವೆ ಕಟ್ಟು, ಬಂಕರಿಗೆ ತೊಲೆ ಕೂರಿಸು, ನೆಲದಲ್ಲಿ ಹೂತಿಟ್ಟ ಮೈನು ತೆಗೆ. 1971ರ ಡಿಸೆಂಬರಿನಲ್ಲಿ ಬಸಂತರ್ ನದಿ ದಡದಲ್ಲಿ ನಮ್ಮ 9ನೇ ಇಂಜಿನಿಯರ್ ರೆಜಿಮೆಂಟಿನವರು ಶತ್ರುವಿನ ಗುಂಡಿಗೆ ಎದೆಕೊಟ್ಟು ಮೈನು ತೆಗೆದು ಟ್ಯಾಂಕುಗಳಿಗೆ ದಾರಿ ಬಿಡಿಸಿದರು. ಅಲ್ಲಿಯ ಟ್ಯಾಂಕ್ ಯುದ್ಧದಲ್ಲಿ ಮಡಿದ ಅರುಣ್ ಖೇತ್ರಪಾಲ್ ಹೆಸರು ದೇಶಕ್ಕೆಲ್ಲ ಗೊತ್ತು, ಗೊತ್ತಿರಬೇಕಾದ್ದೇ. ದಾರಿ ಬಿಡಿಸಿದವರ ಹೆಸರು ಪಲ್ಟನ್ನಿನ ಪುಸ್ತಕದಲ್ಲಿದೆ.

ನನ್ನ ಪುರಾಣ ಇಷ್ಟೇ ಸಾಕು. ನಾನು ನಿನಗೆ ನೆನಪಿಸಬೇಕೆಂದಿರುವುದು ದಾರಿ ಮಾಡಿದ ಇನ್ನೊಬ್ಬರನ್ನು. ಅವರು ತೊಟ್ಟದ್ದೂ ನೀನು ತೊಡಲಿರುವ ಖಾಕಿಯನ್ನೇ.

ಪಂದಿಳ್ಳಪಲ್ಲಿ ಶ್ರೀನಿವಾಸ್. ನಮ್ಮ ಕಡೆ ಡಿಸಿಎಫ್ ಶ್ರೀನಿವಾಸ್ ಅಂದರೆ ಸಾಕು. ಗೋದಾವರಿ ದಡದ ರಾಜಮಹೇಂದ್ರಿಯವರು. 1954ರಲ್ಲಿ ಹುಟ್ಟಿ, ಭಾರತೀಯ ಅರಣ್ಯ ಸೇವೆಗೆ ಸೇರಿ, ಕರ್ನಾಟಕಕ್ಕೆ ಬಂದು ಚಾಮರಾಜನಗರದಲ್ಲಿ ಉಪ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದರು. ನಾನು ಅವರನ್ನು ಹತ್ತಿರದಿಂದ ಬಲ್ಲವನೆಂದು ಹೇಳಿಕೊಳ್ಳುವುದಿಲ್ಲ. ಈಗ ಹನೂರು, ಕೌದಳ್ಳಿ, ರಾಮಾಪುರದ ಕಡೆ ಯಾವ ಟೀ ಅಂಗಡಿಯಲ್ಲಿ ಕೂತರೂ ಅವರ ಜೊತೆ ಜೀಪಿನಲ್ಲಿ ತಿರುಗಾಡಿದೆ ಅನ್ನುವವರು ಸಿಗುತ್ತಾರೆ. ಅಷ್ಟೂ ಜನ ಹತ್ತಿದ್ದರೆ ಆ ಜೀಪು ತಾಳಬೆಟ್ಟ ಏರುತ್ತಿರಲಿಲ್ಲ. ಜನ ಹೀಗೆ ಸುಳ್ಳಾದರೂ ಹೇಳಿ ಹತ್ತಿರದವರಾಗಲು ಬಯಸುವ ಅಧಿಕಾರಿಗಳು ಎಷ್ಟು ಮಂದಿ ಇದ್ದಾರೆ ಹೇಳು.

ಮಾದಪ್ಪನ ಬೆಟ್ಟದಿಂದ ಪಾಲಾರಿನತ್ತ ಇಳಿದು, ಕಾವೇರಿಯ ಕಡೆಗೆ ಒಳಗೆ ಹೋದರೆ ಗೋಪಿನಾಥಂ. ನೆಲ ಕರ್ನಾಟಕದ್ದು, ಮನೆಮಾತು ತಮಿಳು. ಹೊಗೇನಕಲ್ ಅಲ್ಲಿಂದ ದೂರವಿಲ್ಲ. ಆ ಊರಿನ ಹೆಸರು ಹೇಳಿದರೆ ನಿನ್ನ ಓರಗೆಯವರಿಗೆ ನೆನಪಾಗುವುದು ಕಾಡುಗಳ್ಳ ವೀರಪ್ಪನ್. ಬೆಂಗಳೂರಿನಿಂದ ಬೈಕ್ ಏರಿ ಬರುವ ಹುಡುಗರು ಆತ ಹುಟ್ಟಿದ ಮನೆ ಯಾವುದು ಅಂತ ಕೇಳುತ್ತಾರೆ, ಮೇಟೂರಿನ ಹತ್ತಿರ ಮೂಲಕಾಡಿನಲ್ಲಿರುವ ಗೋರಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ಊರಿನ ಮಾರಿಯಮ್ಮನ ಗುಡಿಯಲ್ಲಿ ದೇವರ ಪಟಗಳ ಸಾಲಿನಲ್ಲಿ ಒಬ್ಬ ಸರ್ಕಾರಿ ಅಧಿಕಾರಿಯ ಫೋಟೋ ಇದೆ, ಅದಕ್ಕೂ ಹೂ ಏರುತ್ತದೆ ಅನ್ನುವುದು ಅವರಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ.

ಫೋಟೋ ಅಲ್ಲಿಗೆ ಹೋದದ್ದು ಹೇಗೆ ಅನ್ನುವುದನ್ನು ನೀನು ತಿಳಿಯಬೇಕು. ವೀರಪ್ಪನ್ 1986ರಲ್ಲಿ ಬೆಂಗಳೂರಿನಲ್ಲಿ ಸಿಕ್ಕಿಬಿದ್ದಿದ್ದ. ಬೂದಿಪಡಗದ ಅರಣ್ಯ ಅತಿಥಿಗೃಹದಲ್ಲಿ ಇಟ್ಟಿದ್ದಾಗ ತಪ್ಪಿಸಿಕೊಂಡ. ಅವನು ಒಬ್ಬನೇ ಕಾಡಿನಲ್ಲಿ ಅಷ್ಟು ವರ್ಷ ಬದುಕಲಿಲ್ಲ. ಆನೆ ದಂತಕ್ಕೆ, ಗಂಧದ ತುಂಡಿಗೆ ಕೂಲಿ ಸಿಗುತ್ತಿತ್ತು, ಬೇರೆ ಕೂಲಿ ಇಲ್ಲದ ಊರುಗಳು ಅವನ ಹಿಂದಿದ್ದವು. ಶ್ರೀನಿವಾಸ್ ಇದನ್ನು ಕಂಡುಕೊಂಡರು. ಕಳ್ಳನನ್ನು ಕಾಡಿನಲ್ಲಿ ಹುಡುಕುವ ಬದಲು ಅವನ ಊರಿಗೇ ಹೋಗಿ ಬೀಡುಬಿಟ್ಟರು. ಕುಡಿಯುವ ನೀರು ತಂದರು, ಕಾಯಿಲೆಯವರಿಗೆ ಔಷಧಿ ಸಿಗುವಂತೆ ಮಾಡಿದರು, ಬಡವರಿಗೆ ಮನೆ ಕಟ್ಟಿಸಿದರು, ಊರಮ್ಮನ ಗುಡಿಯನ್ನು ಕೈಯಿಂದ ದುಡ್ಡು ಹಾಕಿ ಎತ್ತಿ ನಿಲ್ಲಿಸಿದರು. ಗುಂಪಿನಲ್ಲಿದ್ದ ಹಲವರು ಅವರ ಮಾತು ನಂಬಿ ಬಂದು ಶರಣಾದರು.

ಬಡಗಿಗೆ ಮೊದಲು ಕಲಿಸುವುದು ಮರದ ಎಳೆ ಯಾವ ಕಡೆ ಓಡಿದೆ ನೋಡು ಅಂತ. ಎಳೆಗೆ ಎದುರಾಗಿ ಉಳಿ ಹಾಕಿದರೆ ಹೊನ್ನೆಯಾದರೂ ಸಿಬಿರೇಳುತ್ತದೆ, ಬೀಟೆಯಾದರೂ ಸಿಬಿರೇಳುತ್ತದೆ. ಶ್ರೀನಿವಾಸ್ ಗೋಪಿನಾಥಂನ ಎಳೆ ಓದಿದ್ದರು. ಆ ಊರಿನವರಿಗೆ ಸರ್ಕಾರ ಅಂದರೆ ಅಲ್ಲಿಯವರೆಗೆ ಹುಡುಕಿಕೊಂಡು ಬರುವ ಜೀಪು, ಕೊಡುವ ಏಟು. ಹೆಂಚಿನ ಲೆಕ್ಕ ಹಾಕುತ್ತಾ, ಗಾರೆಯವನ ಜೊತೆ ನಿಂತು ಮಾತಾಡುವ ಖಾಕಿಯನ್ನು ಅವರು ಕಂಡೇ ಇರಲಿಲ್ಲ.

ಕೊನೆಯ ದಿನದ ಕಥೆ ನಿನಗೆ ಗೊತ್ತೇ ಇದೆ, ಶಾಲೆಯಲ್ಲಿ ಭಾಷಣ ಮಾಡಿದ್ದೀಯ. ಶರಣಾಗುತ್ತೇನೆ, ಆಯುಧವಿಲ್ಲದೆ ಬರಬೇಕು ಅಂತ ವೀರಪ್ಪನ್ ತಮ್ಮ ಅರ್ಜುನನ ಮೂಲಕ ಹೇಳಿಕಳಿಸಿದ. 1991ರ ನವೆಂಬರ್ 10ರಂದು ಶ್ರೀನಿವಾಸ್ ಬರಿಗೈಯಲ್ಲಿ ಕಾಡಿಗೆ ನಡೆದು ಹೋದರು. ಗುಂಡಿಕ್ಕಿ, ತಲೆ ಕಡಿದರು. ಆಗ ಅವರಿಗೆ 37 ವರ್ಷ. ಮುಂದಿನ ವರ್ಷ ಕೀರ್ತಿ ಚಕ್ರ ಬಂತು.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ, ನಿನ್ನ ಮೇಲಧಿಕಾರಿಗಳಿಗೆ ಹಿಡಿಸದೆ ಇರಬಹುದು. ಅವರು ಹಾಗೆ ಹೋಗಬಾರದಿತ್ತು. ಮೈನು ಇರುವ ನೆಲದಲ್ಲಿ, ಮುಂದೆ ಹೋದವನು ಚೆನ್ನಾಗಿ ನಡೆದ ಅನ್ನುವ ಕಾರಣಕ್ಕೆ ನಾವು ಹೆಜ್ಜೆ ಇಡುವುದಿಲ್ಲ. ಒಂದೊಂದು ಅಡಿಯನ್ನೂ ಚುಚ್ಚಿ ನೋಡಿಯೇ ಇಡುವುದು. ಊರನ್ನು ನಂಬಿದ್ದು ಸರಿ, ಆ ಒಬ್ಬನನ್ನು ನಂಬಿದ್ದು ತಪ್ಪು. ಪ್ರತಿವರ್ಷ ನವೆಂಬರಿನಲ್ಲಿ ಹಾರ ಹಾಕಿ ಭಾಷಣ ಮಾಡುವವರು ಆ ಒಂದು ಬೆಳಗ್ಗೆಯನ್ನೇ ಮತ್ತೆ ಮತ್ತೆ ಹೇಳುತ್ತಾರೆ, ಸಾಯುವುದೇ ಸಾಹಸ ಅನ್ನುವ ಹಾಗೆ. ನೀನು ಹಾಗೆ ಕಲಿಯಬೇಡ. ನಿಮ್ಮವ್ವನಿಗೆ ನೀನು ಬದುಕಿ ಮನೆಗೆ ಬರಬೇಕು. ಒಬ್ಬಳೇ ಗಸ್ತು ಹೋಗಬೇಡ, ಹೋಗುವ ದಾರಿಯನ್ನು ಬೇಟೆ ತಡೆ ಶಿಬಿರದಲ್ಲಿ ಹೇಳದೆ ಹೋಗಬೇಡ, ವಾಕಿಟಾಕಿಯ ಬ್ಯಾಟರಿ ನೋಡದೆ ಹೊರಡಬೇಡ. ಶ್ರೀನಿವಾಸರ ಧೈರ್ಯ ಇದ್ದದ್ದು ಆ ಒಂದು ಬೆಳಗಿಗೆ ಹಿಂದಿನ ಸಾವಿರ ಬೆಳಗುಗಳಲ್ಲಿ: ತನ್ನನ್ನು ದ್ವೇಷಿಸುವ ಕಾರಣವಿದ್ದ ಊರಿನ ಜಗಲಿಯಲ್ಲಿ ಹೋಗಿ ಕೂರುವುದರಲ್ಲಿ.

ಅವರು ಹೋದ ಮೇಲೆ ಏನಾಯಿತು ನೋಡು. 1992ರ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ. ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಎಸ್ಪಿ ಹರಿಕೃಷ್ಣ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರಿನಲ್ಲಿ ನೆಲಬಾಂಬಿಗೆ 22 ಜನ. ಎರಡು ರಾಜ್ಯಗಳ ಕಾರ್ಯಪಡೆ ಬಂತು, ಬೆಟ್ಟದಲ್ಲಿ ಠಿಕಾಣಿ ಹಾಕಿತು. ಆ ದಿನಗಳಲ್ಲಿ ಸಂಜೆ ಆರಕ್ಕೆ ಬಾಗಿಲು ಹಾಕಿದರೆ ಬೆಳಿಗ್ಗೆಯವರೆಗೆ ತೆಗೆಯುತ್ತಿರಲಿಲ್ಲ ಜನ. ರಾತ್ರಿ ಬಾಗಿಲು ತಟ್ಟುವವನು ಯಾರ ಕಡೆಯವನಾದರೂ ಕೇಡೇ. ಕಳ್ಳನಿಗೆ ಅಕ್ಕಿ ಕೊಟ್ಟೆ ಅಂತ ಒಬ್ಬರು ಹೊಡೆದರೆ, ಪೊಲೀಸರಿಗೆ ಸುಳಿವು ಕೊಟ್ಟೆ ಅಂತ ಇನ್ನೊಬ್ಬರು ಕೊಲ್ಲುತ್ತಿದ್ದರು. ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ಆ ಜನರ ದೂರು ಕೇಳಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಿ ಅಂತ ಹೇಳಿತು. ಅಷ್ಟರಲ್ಲಿ ವೀರಪ್ಪನ್ ಸತ್ತು ಮೂರನೇ ವರ್ಷ ನಡೆಯುತ್ತಿತ್ತು. ಕಾರ್ಯಪಡೆಯಲ್ಲಿ ಒಳ್ಳೆಯವರೂ ಇದ್ದರು, ಕಾಡುಜ್ವರ ಹಿಡಿದು ನರಳಿದ ಬಡ ಪೇದೆಗಳೂ ಇದ್ದರು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ನೀನು ಹಾಕಿಕೊಂಡು ಹೋಗುವ ಬಟ್ಟೆಯ ಬಣ್ಣ ಆ ಊರುಗಳ ಮುದುಕಿಯರಿಗೆ ಏನನ್ನು ನೆನಪಿಸುತ್ತದೆ ಅನ್ನುವುದು ನಿನಗೆ ಗೊತ್ತಿರಲಿ ಅಂತ ಇಷ್ಟು ಹೇಳಿದೆ. ನಿನ್ನನ್ನು ಕಂಡು ಒಬ್ಬಾಕೆ ಮಾತು ನಿಲ್ಲಿಸಿ ಒಳಗೆ ಹೋದರೆ ಸೊಕ್ಕು ಅಂದುಕೊಳ್ಳಬೇಡ.

ಹಳೆಯ ಕಥೆ ಯಾಕೆ, ಮೊನ್ನೆಯದನ್ನೇ ತಗೋ. 2025ರ ಜೂನ್ ಕೊನೆಯ ವಾರ ನಿನ್ನ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು. ಐದು ಹುಲಿ, ಒಂದು ಹಸು. ಹಾಕಿದ್ದು ಘೋರ ತಪ್ಪು, ಅದಕ್ಕೆ ಕೇಸಾಯಿತು, ಬಂಧನವಾಯಿತು. ಆದರೆ ಅದೇ ಹೊತ್ತಿಗೆ ಪತ್ರಿಕೆಗಳಲ್ಲಿ ಇನ್ನೊಂದು ಸುದ್ದಿಯೂ ಬಂತು: ಆ ಕಾಡಿನಲ್ಲಿ ಗಸ್ತು ತಿರುಗುವ ಹೊರಗುತ್ತಿಗೆಯ ಕಾವಲುಗಾರರಿಗೆ ತಿಂಗಳುಗಳಿಂದ ಸಂಬಳವಾಗಿರಲಿಲ್ಲ ಅಂತ. ಹಸು ಕಳೆದುಕೊಂಡವನ ಮನೆಗೆ ಹೋಗಿ ಕೂತು ಮಾತಾಡಬೇಕಾದವರೇ ಅಂಗಡಿಯವನ ಸಾಲಕ್ಕೆ ಮುಖ ತಪ್ಪಿಸಿಕೊಂಡು ತಿರುಗುವ ಸ್ಥಿತಿ.

ನಿನ್ನ ಕಾಡು 906 ಚದರ ಕಿಲೋಮೀಟರು. ಹಾಳೆಯ ಮೇಲೆ ಅದು ಒಂದೇ ಹಸಿರು ಬಣ್ಣ. ಒಳಗೆ ಊರುಗಳಿವೆ, ಸೋಲಿಗರ ಪೋಡುಗಳಿವೆ, ತಲೆಮಾರುಗಳಿಂದ ದನ ಕೂಡುವ ದೊಡ್ಡಿಗಳಿವೆ. ನೀನು ಓದಿ ಬಂದ ಪುಸ್ತಕದಲ್ಲಿ ದನಕ್ಕೆ 'ಜೈವಿಕ ಒತ್ತಡ' ಅಂತ ಬರೆದಿರುತ್ತಾರೆ. ದನದ ಒಡೆಯ ಅದನ್ನು ಹೆಸರಿಟ್ಟು ಕರೆಯುತ್ತಾನೆ. ಎರಡನ್ನೂ ತಿಳಿದವಳು ನೀನಾಗಬೇಕು. ಹುಲಿ ಹಸು ಹಿಡಿಯಿತು ಅಂತ ಸುದ್ದಿ ಬಂದ ದಿನವೇ ಹೋಗು. ಕಳೇಬರದ ಫೋಟೋ, ಮಹಜರು, ಪಶುವೈದ್ಯರ ವರದಿ, ಅರ್ಜಿ, ಪಾಸ್‌ಬುಕ್ಕಿನ ಜೆರಾಕ್ಸು ಎಲ್ಲವನ್ನೂ ನೀನೇ ಮುಂದೆ ನಿಂತು ಮಾಡಿಸು. ಪರಿಹಾರದ ಹಣ ಬರುವುದು ತಡವಾಗಬಹುದು, ಅದು ನಿನ್ನ ಕೈಯಲ್ಲಿಲ್ಲ. ಆ ಸಂಜೆ ಅವನ ಅಂಗಳದಲ್ಲಿ ಇರುವುದು ನಿನ್ನ ಕೈಯಲ್ಲಿದೆ.

ಇನ್ನೊಂದು ಮಾತು. ಕಾಡಿನ ವಿದ್ಯೆಯನ್ನು ಸೋಲಿಗರಿಂದ ಕಲಿ. ಸಿನಿಮಾದಲ್ಲಿ ತೋರಿಸುವ ಹಾಗೆ ಅವರು ಮಂತ್ರವಾದಿಗಳಲ್ಲ. ಕಣ್ಣಿಟ್ಟು ನೋಡಿದ್ದನ್ನು ನೆನಪಿಟ್ಟುಕೊಂಡವರು. ಬಿಳಿಗಿರಿ ರಂಗನನ್ನು ಭಾವ ಅಂತ ಕರೆಯುವ ಸಲುಗೆ ಅವರದು. ನೆಲ್ಲಿಮರಗಳು ಸೊರಗಿ ಸಾಯುತ್ತಿರುವುದನ್ನು ಕಂಡು ಅವರು ಬಹಳ ಹಿಂದೆಯೇ ಹೇಳಿದ್ದರು: ನಾವು ವರ್ಷವರ್ಷ ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದೆವು, ಅದು ಲಂಟಾನವನ್ನೂ ಮರದ ಮೇಲೆ ಬೆಳೆಯುವ ಉಪ್ಪಿಲು ಬದನಿಕೆಯನ್ನೂ ಹದ್ದುಬಸ್ತಿನಲ್ಲಿಡುತ್ತಿತ್ತು, ಬೆಂಕಿ ನಿಲ್ಲಿಸಿದಿರಿ, ಈಗ ಎರಡೂ ಏರಿಕೊಂಡಿವೆ. ಅದನ್ನು ಕಚೇರಿಗಳು ಕೇಳಿಸಿಕೊಳ್ಳುವಷ್ಟರಲ್ಲಿ ಯಳಂದೂರಿನಿಂದ ಬೆಟ್ಟಕ್ಕೆ ಹೋಗುವ ದಾರಿಯ ಎರಡೂ ಪಕ್ಕ ಲಂಟಾನ ಗೋಡೆಯಾಗಿ ನಿಂತಿತ್ತು. ಬೆಂಕಿ ಹಾಕು ಅಂತ ನಿನಗೆ ನಾನು ಹೇಳುತ್ತಿಲ್ಲ, ಕೆಲಸ ಕಳೆದುಕೊಂಡೀಯ. ಹೇಳಿದವರ ಮಾತನ್ನು ಡೈರಿಯಲ್ಲಿ ಬರೆದಿಡು ಅನ್ನುತ್ತಿದ್ದೇನೆ. 2011ರಲ್ಲಿ ಬಿಳಿಗಿರಿ ಹುಲಿ ಅಭಯಾರಣ್ಯದ ಒಳಗೇ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಕಾಡಿನಲ್ಲಿ ದೇಶಕ್ಕೇ ಮೊದಲು. ಜೇನು, ನೆಲ್ಲಿ, ಪಾಸೆ ತರಲು ಹೋದವರನ್ನು ತಡೆದು ನಿಲ್ಲಿಸುವ ಮೊದಲು ಅರಣ್ಯ ಹಕ್ಕು ಕಾಯ್ದೆಯನ್ನು ಒಮ್ಮೆ ಓದು.

ಮಾದಪ್ಪನ ಬೆಟ್ಟದ ಮೇಲೆ ಹೋದಾಗ ಲಂಟಾನದ ಕುರ್ಚಿ ಮಾಡುವವರನ್ನು ನೋಡಿ ಬಾ. ಬೆಂಗಳೂರಿನ ಏಟ್ರೀ ಸಂಸ್ಥೆಯವರು ಸುಮಾರು ಇಪ್ಪತ್ತು ವರ್ಷದ ಹಿಂದೆ ಅಲ್ಲಿ ಈ ಕೆಲಸ ಹಚ್ಚಿಕೊಟ್ಟರು. ಬಡಗಿಯಾದ ನನಗೆ ಮೊದಲು ನಗು ಬಂದಿತ್ತು. ಮುಳ್ಳುಮುಳ್ಳಾದ ಬೇಲಿಗಿಡದಲ್ಲಿ ಕುರ್ಚಿಯೇ? ಆಮೇಲೆ ಹತ್ತಿರ ಕೂತು ನೋಡಿದೆ. ನೇರವಾದ ಕಡ್ಡಿಗಳನ್ನು ಆರಿಸಿ, ದೊಡ್ಡ ತೊಟ್ಟಿಯಲ್ಲಿ ನೀರಿಟ್ಟು ಬೇಯಿಸುತ್ತಾರೆ. ಬೆಂದ ಕಡ್ಡಿಯ ಸಿಪ್ಪೆ ಕತ್ತಿಯ ಹಿಂಬದಿಗೆ ಸಲೀಸಾಗಿ ಕಳಚಿ ಬರುತ್ತದೆ, ಒಳಗಿನ ಕಾಂಡ ಹಸಿ ಬೆಣ್ಣೆಯ ಬಣ್ಣ. ಬಿಸಿ ಆರುವ ಮೊದಲೇ ಬಗ್ಗಿಸಬೇಕು; ಆರಿದ ಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಬಗ್ಗಿಸಿ, ಕಟ್ಟಿ, ಮೊಳೆ ಹೊಡೆದು ನಿಲ್ಲಿಸಿದ ಕುರ್ಚಿಯ ಮೇಲೆ ನನ್ನ ಭಾರ ಪೂರ್ತಿ ಬಿಟ್ಟು ಕೂತೆ. ಕಿರ್ರೆನ್ನಲಿಲ್ಲ. ಒಂದು ಕಾಲದಲ್ಲಿ ಇದೇ ಬೆಟ್ಟಗಳಿಂದ ಗಂಧ ಕದ್ದು ಸಾಗಿಸಿದರೆ ಮಾತ್ರ ಮರಕ್ಕೆ ಬೆಲೆ ಅನ್ನುವಂತಿತ್ತು. ಈಗ ಕಾಡಿಗೇ ಬೇಡವಾದ ಗಿಡ ಕೆಲವು ಮನೆಗಳಿಗೆ ರಾಗಿ ತರುತ್ತದೆ. ಆ ಕೆಲಸ ಎಲ್ಲರಿಗೂ ಸಾಲುವಷ್ಟಿಲ್ಲ, ಮಾರುವುದು ಕಷ್ಟ, ಪ್ಲಾಸ್ಟಿಕ್ ಕುರ್ಚಿಯ ಎದುರು ಯಾವುದು ತಾನೇ ನಿಲ್ಲುತ್ತದೆ. ಆದರೂ ಶ್ರೀನಿವಾಸ್ ಇದ್ದಿದ್ದರೆ ಅಲ್ಲಿ ದಿನಾ ಹಾಜರಿ ಹಾಕುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ.

ಉಳಿದದ್ದೆಲ್ಲ ಸಣ್ಣ ಸಂಗತಿ. ಬೂಟು ಒಂದು ಅಳತೆ ದೊಡ್ಡದೇ ತಗೋ, ಮಳೆಗಾಲದಲ್ಲಿ ಎರಡು ಜೊತೆ ಕಾಲುಚೀಲ ಬೇಕಾಗುತ್ತದೆ. ಆನೆ ಇದೆ ಅಂತ ಸೋಲಿಗ ಕಾವಲುಗಾರ ನಿಂತರೆ ನೀನೂ ನಿಲ್ಲು, ಯಾಕೆ ಅಂತ ಆಮೇಲೆ ಕೇಳು. ನಿನಗಿಂತ ವಯಸ್ಸಾದ ಕಾವಲುಗಾರನನ್ನು ಏಕವಚನದಲ್ಲಿ ಕರೆಯಬೇಡ. ಅಣ್ಣ ಅನ್ನು, ಮಾವ ಅನ್ನು. ತಮಿಳು ನಾಕು ಮಾತು ಕಲಿ. ಕುಡಗೋಲು ಮಸೆಯುವುದು, ಶಿಬಿರದ ಬಾಗಿಲ ಕೀಲು ಸರಿಮಾಡುವುದು, ಸೋರುವ ಹೆಂಚು ಬದಲಿಸುವುದು ಕಲಿತಿರು. ಕಂಟ್ರಾಕ್ಟರ್ ಬರಲಿ ಅಂತ ಕಾದರೆ ಎರಡು ಮಳೆಗಾಲ ಹೋಗುತ್ತದೆ. ನಾನು ಇಟ್ಟಿದ್ದ ಚಿಕ್ಕ ಕೈಗರಗಸ, ಎರಡು ಉಳಿ ನಿಮ್ಮವ್ವನ ಕೈಯಲ್ಲಿ ಕಳಿಸುತ್ತೇನೆ.

ಕೆಲಸಕ್ಕೆ ಸೇರಿದ ಮೇಲೆ ಮೊದಲ ರಜೆಗೆ ಊರಿಗೆ ಬರುವ ಆತುರ ಬೇಡ. ಗೋಪಿನಾಥಂಗೆ ಹೋಗು. ಗುಡಿಯೊಳಗೆ ಆ ಫೋಟೋ ನೋಡು, ಕೈ ಮುಗಿಯುವುದು ಬಿಡುವುದು ನಿನಗೆ ಬಿಟ್ಟದ್ದು. ಹೊರಗೆ ಬಂದು, ಅವರು ಕಟ್ಟಿಸಿದ ಮನೆಗಳಲ್ಲಿ ಯಾರಾದರೂ ವಯಸ್ಸಾದವರು ಇದ್ದರೆ ಅವರ ಹತ್ತಿರ ಕೂತು, ಶ್ರೀನಿವಾಸ್ ಊರಿಗೆ ಬಂದ ಮೊದಲ ದಿನ ಏನು ಮಾಡಿದರು ಅಂತ ಕೇಳು. ಅವರು ಹೇಳಿದ್ದನ್ನು ನನಗೆ ಬರೆದು ಕಳಿಸು, ವಾಟ್ಸಾಪಿನಲ್ಲಿ ಬೇಡ, ಕಾಗದದಲ್ಲಿ.